ಕಾಲು ಊದದವರಿಗೂ ಆನೆಕಾಲು ಮಾತ್ರೆ

"ನನಗೇನೂ ಕಾಲು ಊದಿಲ್ಲ, ಮಾತ್ರೆ ಯಾಕಮ್ಮಾ?" ಆನೆಕಾಲು ರೋಗದ ಮಾತ್ರೆ ಹಿಡಿದು ಮನೆಬಾಗಿಲಿಗೆ ಬರುವ ಆರೋಗ್ಯ ಕಾರ್ಯಕರ್ತೆಯರಿಗೆ ಈ ಪ್ರಶ್ನೆ ಹೊಸದಲ್ಲ. ಮಾತ್ರೆ ಇಸಿದುಕೊಂಡು ಕಪಾಟಿನಲ್ಲಿಟ್ಟು ಮರೆಯುವವರೂ ಉಂಟು. ಆದರೆ ಆ ಮಾತ್ರೆ ಇರುವುದೇ ಮುಖ್ಯವಾಗಿ ಕಾಲು ಊದದವರಿಗಾಗಿ.

ನಮ್ಮಲ್ಲಿ ಈ ರೋಗವನ್ನು ಹರಡುವುದು ಕ್ಯೂಲೆಕ್ಸ್ ಸೊಳ್ಳೆ. ಚರಂಡಿ, ಶೌಚದ ಗುಂಡಿ, ನಿಂತ ಕೊಳಚೆ ನೀರು ಇದರ ತವರು. ಸೋಂಕಿರುವವರ ರಕ್ತ ಹೀರುವಾಗ ಕಣ್ಣಿಗೆ ಕಾಣದ ಮರಿಹುಳುಗಳೂ ಸೊಳ್ಳೆಯ ಹೊಟ್ಟೆ ಸೇರುತ್ತವೆ. ಸುಮಾರು ಎರಡು ವಾರದಲ್ಲಿ ಅಲ್ಲಿ ಬಲಿತು, ಸೊಳ್ಳೆ ಮತ್ತೊಬ್ಬರನ್ನು ಕಚ್ಚಿದಾಗ ಆ ಗಾಯದ ಮೂಲಕವೇ ಒಳಹೋಗುತ್ತವೆ. ನಂತರ ದುಗ್ಧರಸ ನಾಳಗಳಲ್ಲಿ ದಾರದಂತೆ ಬೆಳೆದು, ವರ್ಷಗಟ್ಟಲೆ ಬದುಕಿ, ಲಕ್ಷಗಟ್ಟಲೆ ಮರಿ ಹಾಕುತ್ತವೆ. ಒಂದೆರಡು ಸಲ ಕಚ್ಚಿದ ಮಾತ್ರಕ್ಕೆ ಗಾಬರಿ ಬೇಡ. ಸಾಮಾನ್ಯವಾಗಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಕಚ್ಚಿಸಿಕೊಂಡವರಿಗೇ ರೋಗ ಅಂಟುವುದು. ಹಾಗೆ ಅಂಟಿದರೂ ಬಹಳ ಮಂದಿಗೆ ಹಲವಾರು ವರ್ಷ ಯಾವ ತೊಂದರೆಯೂ ಕಾಣದು. ಆರೋಗ್ಯವಂತರಂತೆ ಓಡಾಡುತ್ತಲೇ ಅವರು ಸೊಳ್ಳೆಗೆ ಹುಳು ಉಣಿಸುತ್ತಿರುತ್ತಾರೆ.

ಈ ಮರಿಹುಳುಗಳದು ವಿಚಿತ್ರ ದಿನಚರಿ. ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿ ಹೊತ್ತಿಗೆ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ಸಿಬ್ಬಂದಿ ರಾತ್ರಿ ಹತ್ತರ ನಂತರ ಬಾಗಿಲು ತಟ್ಟಿ ಬೆರಳು ಚುಚ್ಚುವುದು ಅದಕ್ಕೇ. ನಿದ್ದೆ ಕೆಡಿಸಿದರೆಂದು ಅವರನ್ನು ಬಯ್ಯಬೇಡಿ, ಅವರೂ ನಿದ್ದೆಗೆಟ್ಟೇ ಬಂದಿರುತ್ತಾರೆ!

ಕಲಬುರಗಿ, ಯಾದಗಿರಿ, ಬೀದರ್, ಕರಾವಳಿಯ ಜಿಲ್ಲೆಗಳು ಈ ರೋಗವನ್ನು ಕಂಡಿವೆ. ದೇಶದಲ್ಲಿ 2004ರಿಂದ ವರ್ಷಕ್ಕೊಮ್ಮೆ ಊರಿಗೆಲ್ಲ ಮಾತ್ರೆ ನುಂಗಿಸುವ ಕ್ರಮ ಬಂತು. ಡಿ.ಇ.ಸಿ. ಜೊತೆ ಆಲ್ಬೆಂಡಜೋಲ್, ಕೆಲವೆಡೆ ಐವರ್‌ಮೆಕ್ಟಿನ್ ಕೂಡ ಕೊಡುತ್ತಾರೆ. ಮಾತ್ರೆ ಮರಿಹುಳುಗಳನ್ನು ಕೊಲ್ಲುತ್ತದೆ, ದೊಡ್ಡ ಹುಳುಗಳೆಲ್ಲ ಸಾಯುವುದಿಲ್ಲ. ಆದ್ದರಿಂದಲೇ ಮರುವರ್ಷ ಮತ್ತೆ ಮಾತ್ರೆ. ಊಟ ಮಾಡಿ, ಕಾರ್ಯಕರ್ತೆಯ ಎದುರಿಗೇ ನುಂಗುವುದು ಒಳ್ಳೆಯದು. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ತಲೆಸುತ್ತು ಬರಬಹುದು. ಬಹುಪಾಲು ಇದು ಒಳಗಿನ ಹುಳು ಸಾಯುತ್ತಿರುವ ಗುರುತು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಜೋರಾದರೆ ವೈದ್ಯರಿಗೆ ತೋರಿಸಿ.

ಈಗಾಗಲೇ ಕಾಲು ಊದಿದವರು ದಿನವೂ ಸೋಪು, ನೀರಿನಿಂದ ಕಾಲು ತೊಳೆದು, ಬೆರಳ ಸಂದುಗಳನ್ನು ಮೆತ್ತಗೆ ಒರೆಸಿ ಒಣಗಿಸಬೇಕು. ಸಣ್ಣ ಗಾಯವನ್ನೂ ಅಲಕ್ಷಿಸಬಾರದು. ಮಲಗುವಾಗ ಕಾಲಡಿಗೆ ದಿಂಬಿರಲಿ. ಹುಳುವಿನಿಂದ ಬಂದ ಹೈಡ್ರೋಸೀಲ್‌ಗೆ ಶಸ್ತ್ರಚಿಕಿತ್ಸೆಯಿದೆ, ನಾಚಿಕೊಂಡು ಪಂಚೆಯಡಿ ಮುಚ್ಚಿಟ್ಟುಕೊಳ್ಳಬೇಕಿಲ್ಲ.