ಗೂಡಿನ ವಿಳಾಸ ಕೇಳುವವರು ಬಂದಾರು, ಜೋಕೆ!

ಮಳೆ ಮುಗಿದು ಚಳಿ ಬಿತ್ತೆಂದರೆ ಹೊನ್ನಾವರ, ಮುರ್ಡೇಶ್ವರ, ಭಟ್ಕಳದ ಕಡೆ ಕಡಲ ಹದ್ದು ಸಂಸಾರ ಹೂಡುತ್ತದೆ. ಹೊಟ್ಟೆ ಹಾಲಿನಂತೆ ಬಿಳಿ, ರೆಕ್ಕೆ ಬೂದಿ ಬಣ್ಣ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಕಡಲೊಳಗಿನ ನೇತ್ರಾಣಿ ಗುಡ್ಡ ಇದರ ಹಳೇ ತವರು. ದಡದಲ್ಲೂ ಎತ್ತರದ ಮಾವು, ಆಲ, ಗಾಳಿ ಮರ ಸಿಕ್ಕರೆ ಅಲ್ಲೇ ಕಡ್ಡಿ ಒಟ್ಟುತ್ತದೆ. ವರ್ಷಕ್ಕೊಂದು ಬಾಡಿಗೆ ಮನೆ ಹುಡುಕುವ ಜಾತಿ ಅಲ್ಲ ಇದು. ಹಳೇ ಗೂಡನ್ನೇ ರಿಪೇರಿ ಮಾಡಿಕೊಳ್ಳುತ್ತದೆ. ಕಡಲ ಹಾವನ್ನು ಉಗುರಲ್ಲಿ ಜೋತಾಡಿಸಿಕೊಂಡು ಗೂಡಿಗೆ ಬರುವ ನೋಟಕ್ಕೆ ಬಸ್ಸು ತಪ್ಪಿದರೂ ಬೇಸರವಿಲ್ಲ.

ತಕರಾರು ಶುರುವಾಗುವುದು ಈ ನೋಟ ಹತ್ತಿರದಿಂದಲೇ ಬೇಕೆಂಬ ಹಟದಿಂದ. ಮೊಳದುದ್ದ ಲೆನ್ಸ್ ಇದ್ದವನಿಗೂ ಸಾಲದು. ಮರದ ಬುಡಕ್ಕೇ ಹೋಗಬೇಕು, ಅಡ್ಡ ಬಂದ ಟೊಂಗೆ ಕಡಿಸಬೇಕು, ಅದೂ ಆಗದಿದ್ದರೆ ಡ್ರೋನ್ ಹಾರಿಸಬೇಕು. ಹದ್ದು ಎದ್ದು ನಿಂತು ಕೂಗಿದರೆ "ಒಳ್ಳೇ ಪೋಸು ಕೊಡ್ತು" ಅಂತಾರೆ. ಪಾಪ, ಅದು ಹೆದರಿ ಎದ್ದದ್ದು. ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ, ಕಾವು ಸುಮಾರು 40 ದಿನ. ತಾಯಿ ಏಳುವುದನ್ನೇ ಕಾಯುವ ಕಾಗೆಗೆ ಒಂದು ಗಳಿಗೆ ಸಾಕು.

ಡ್ರೋನ್ ಏನು ಮಾಡೀತು ಎನ್ನುವವರು ಅಮೆರಿಕದ ಸುದ್ದಿ ಕೇಳಬೇಕು. ಕ್ಯಾಲಿಫೋರ್ನಿಯಾ ಕರಾವಳಿಯ ಬೋಲ್ಸಾ ಚಿಕಾ ರಕ್ಷಿತ ಪ್ರದೇಶದಲ್ಲಿ ಡ್ರೋನ್ ಹಾರಿಸುವಂತಿಲ್ಲ. ಆದರೂ ಯಾರೋ ಹಾರಿಸಿದ್ದು 2021ರ ಮೇ ತಿಂಗಳಲ್ಲಿ ಟರ್ನ್ ಎಂಬ ಕಡಲ ಹಕ್ಕಿಗಳ ಗೂಡುಗಳ ನಡುವೆಯೇ ಬಿತ್ತು. ಸಾವಿರಾರು ಹಕ್ಕಿ ಒಮ್ಮೆಲೇ ಎದ್ದು ಹೋದವು. ಸುಮಾರು 1,500 ಮೊಟ್ಟೆ ಮರಳ ಮೇಲೇ ಉಳಿದವು.

ಇಲ್ಲಿ ಕಾನೂನು ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಮಾತಿನೊಳಗೆ ಕಾಡು ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನೂ, ಕ್ಯಾಮೆರಾ ಹಿಡಿದು ಗೂಡು ಕೆದಕಿದವನೂ ಆ ಪುಟದಲ್ಲಿ ಒಂದೇ ಸಾಲು. ಆದರೆ ಮರಕ್ಕೊಬ್ಬ ಗಾರ್ಡನ್ನು ನಿಲ್ಲಿಸಲು ಇಲಾಖೆಯಿಂದ ಆದೀತೆ?

ಅಷ್ಟಕ್ಕೂ ಹೊರಗಿನವನಿಗೆ ಗೂಡು ತೋರಿಸುವವರು ಯಾರು? ಚಾದಂಗಡಿಯವರು, ರಿಕ್ಷಾದವರು, ದೋಣಿಯವರು. "ಹದ್ದಿನ ಗೂಡು ಎಲ್ಲಿ ಸಾರ್?" ಅಂತ ಒಬ್ಬ ಕೇಳುತ್ತಾನೆ. "ಅಕೋ, ಆ ಆಲದ ಮರದಲ್ಲಿ ಉಂಟಲ್ಲ ಮಾರಾಯ್ರೆ" ಅಂತ ಇವರು ಕೈ ತೋರಿಸಿಬಿಡುತ್ತಾರೆ. ಅವನು ಫೋಟೋದ ಜೊತೆಗೆ ಜಾಗವನ್ನೂ ಮೊಬೈಲಿಗೆ ಏರಿಸಿದರೆ, ಮುಂದಿನ ಭಾನುವಾರ ಮರದಡಿ ನಾಲ್ಕು ಕಾರು.

ಹದ್ದು ಬೇಟೆಗೆ ಕಡಲ ಮೇಲೆ, ಬಂದರಿನ ಮೇಲೆ ಸುತ್ತುತ್ತಲೇ ಇರುತ್ತದೆ. ಕೇಳಿದವನನ್ನು ಆ ಕಡೆ ಕಳಿಸಿದರಾಯಿತು. ಬೇಕಾದರೆ ಒಂದು ಚಾ ಕುಡಿದೇ ಹೋಗಲಿ.