ಮಾವನ ಕ್ಯಾಲ್ಕ್ಯುಲೇಟರ್‌ಗೆ ಮೊಬೈಲ್‌ನಲ್ಲಿ ಮರುಜೀವ

ಹೋದ ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ಅಜ್ಜಿಮನೆಗೆ ಹೋಗಿದ್ದೆ. ಹಬ್ಬದೂಟ ಮುಗಿದ ಮೇಲೆ ಸೋದರಮಾವ ಬೀರುವಿನಿಂದ ಒಂದು ಕಪ್ಪು ಪೌಚ್ ತಂದು ನನ್ನ ಕೈಗಿಟ್ಟರು. "ನೀನು ಸಾಫ್ಟ್‌ವೇರ್ ಅಲ್ವೇನೇ? ಇದನ್ನ ಸ್ವಲ್ಪ ನೋಡು."

ಒಳಗಿದ್ದದ್ದು ಎಚ್‌ಪಿ 48ಜಿ ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್. ಮಾವ ಸಿವಿಲ್ ಎಂಜಿನಿಯರ್. ಸರ್ವೆ ಕೆಲಸಕ್ಕೆ ಅಂತ ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿದ್ದ ಗೆಳೆಯರಿಂದ ತರಿಸಿಕೊಂಡದ್ದು. ಸೆಲ್ ತೆಗೆಯದೆ ಹತ್ತು ವರ್ಷ ಹಾಗೇ ಇಟ್ಟುಬಿಟ್ಟಿದ್ದರು. ಸೆಲ್ ಸೋರಿ ಸ್ಪ್ರಿಂಗ್‌ಗಳೆಲ್ಲ ಹಸಿರುಗಟ್ಟಿದ್ದವು. ಉಜ್ಜಿ, ಹೊಸ ಸೆಲ್ ಹಾಕಿದರೂ ಪರದೆ ಮೇಲೆ ಒಂದು ಚುಕ್ಕೆ ಕೂಡ ಬರಲಿಲ್ಲ.

ಮಾವನಿಗೆ ತುರ್ತಾಗಿ ಒಂದು ಲೆಕ್ಕ ಆಗಬೇಕಿತ್ತು. ಅಡಿಕೆ ತೋಟದ ಗಡಿ ವಿಷಯದಲ್ಲಿ ದಾಯಾದಿಗಳ ಜೊತೆ ಮಾತುಕತೆ ನಡೀತಿತ್ತು. 1998ರಲ್ಲಿ ಅವರೇ ಅಳೆದು ಫೀಲ್ಡ್ ಬುಕ್‌ನಲ್ಲಿ ಬರೆದಿಟ್ಟ ಅಳತೆಯನ್ನು ಮತ್ತೆ ತಾಳೆ ನೋಡಬೇಕಿತ್ತು.

"ಎಕ್ಸೆಲ್‌ನಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಡ್ತೀನಿ ಮಾವ" ಅಂದೆ.

"ಎಲ್ಲರೆದುರು ಕೂತು ನಾನೇ ಒತ್ತಿ ತೋರಿಸಬೇಕು ಕಣೇ. ಯಾರಾದ್ರೂ 'ಇದು ಹೇಗೆ ಬಂತು' ಅಂದ್ರೆ ನಿನ್ನ ಎಕ್ಸೆಲ್ ನೋಡ್ಕೊಂಡು ನಾನೇನು ಹೇಳ್ಲಿ?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ನೆನಪಾದದ್ದು ಎಮ್ಯುಲೇಟರ್.

ಪ್ಲೇ ಸ್ಟೋರ್‌ನಲ್ಲಿ ನೂರಾರು ಕ್ಯಾಲ್ಕ್ಯುಲೇಟರ್ ಆಪ್‌ಗಳಿವೆ. ಹೆಚ್ಚಿನವು ಹೊಸದಾಗಿ ಬರೆದ ಪ್ರೋಗ್ರಾಂಗಳು. ಎಮ್ಯುಲೇಟರ್ ಕೆಲಸ ಮಾಡುವ ರೀತಿ ಬೇರೆ. ಅದು ಹಳೇ ಯಂತ್ರದ ಪ್ರೊಸೆಸರ್ ಹಾಗೆ ನಟಿಸುತ್ತೆ. ಅದರ ಮೇಲೆ ಓಡುವುದು ಕಾರ್ಖಾನೆಯಲ್ಲಿ ಚಿಪ್‌ಗೆ ತುಂಬಿದ್ದ ಅದೇ ಮೂಲ ಸಾಫ್ಟ್‌ವೇರ್. ಇದನ್ನ ರೋಮ್ ಅಂತಾರೆ. 1993ರಲ್ಲಿ ಬಂದ 48ಜಿ ಒಳಗಿದ್ದದ್ದು ಸ್ಯಾಟರ್ನ್ ಎಂಬ ಪ್ರೊಸೆಸರ್. ವೇಗ ಸುಮಾರು 4 ಮೆಗಾಹರ್ಟ್ಸ್, ಮೆಮೊರಿ 32 ಕೆಬಿ, ಪರದೆ 131 ಅಡ್ಡ, 64 ಉದ್ದ ಚುಕ್ಕೆಗಳು. ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೊ ಕೂಡ ಆ ಮೆಮೊರಿಯಲ್ಲಿ ಹಿಡಿಯಲ್ಲ.

ಎಮು48 ಎಂಬ ಎಮ್ಯುಲೇಟರ್ ಮೊದಲು ವಿಂಡೋಸ್‌ಗೆ ಬಂತು, ಈಗ ಆಂಡ್ರಾಯ್ಡ್‌ನಲ್ಲೂ ಇದೆ. 48 ಸರಣಿಯ ರೋಮ್ ಬಳಸಲು ಎಚ್‌ಪಿಯೇ ಅನುಮತಿ ಕೊಟ್ಟಿರುವುದರಿಂದ ಕಳ್ಳ ಫೈಲ್ ಹುಡುಕುವ ಅಗತ್ಯವೂ ಇಲ್ಲ. ನನ್ನ ಹಳೇ ಟ್ಯಾಬ್‌ನಲ್ಲಿ ಹಾಕಿ ಮಾವನ ಮುಂದಿಟ್ಟೆ. ಅದೇ 49 ಕೀಗಳು, ಅದೇ ನೇರಳೆ, ಹಸಿರು ಅಕ್ಷರಗಳು. ಮಾವ ಕನ್ನಡಕ ಹಾಕಿಕೊಂಡು ಒತ್ತತೊಡಗಿದರು.

ನಾನು ಕಾಲೇಜಿನಲ್ಲಿ ಬಳಸಿದ್ದು ಕ್ಯಾಸಿಯೋ. ಇದರಲ್ಲಿ "ಈಕ್ವಲ್ ಟು" ಕೀ ಹುಡುಕಿದರೆ ಸಾಮಾನ್ಯ ಲೆಕ್ಕಕ್ಕೆ ಅದು ಬೇಕಾಗೋದೇ ಇಲ್ಲ. 3 ಒತ್ತಿ ಎಂಟರ್, 4 ಒತ್ತಿ ಪ್ಲಸ್, 7 ಬಂತು. ಇದಕ್ಕೆ ರಿವರ್ಸ್ ಪೋಲಿಶ್ ಅಂತ ಹೆಸರು. ಪೋಲೆಂಡ್‌ನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ ಚಿಹ್ನೆಯನ್ನು ಮೊದಲಿಗೆ ಬರೆಯುವ ಪದ್ಧತಿ ಮಾಡಿದ್ದರು. ಇಲ್ಲಿ ಅದು ತಿರುಗುಮುರುಗಾಗಿ ಕೊನೆಗೆ ಬರುತ್ತೆ. ನಾನು ತಲೆ ಕೆರೆದುಕೊಳ್ಳೋದು ನೋಡಿ ಮಾವ ನಕ್ಕರು. "ಇದು ಕನ್ನಡದ ಹಾಗೇ ಕಣೇ. ಮೂರನ್ನೂ ನಾಲ್ಕನ್ನೂ ಕೂಡಿಸು ಅಂತೀವಿ. ಕೂಡಿಸು ಅನ್ನೋದು ಕೊನೆಗೆ ತಾನೇ ಬರೋದು?" ಅದಾದ ಮೇಲೆ ನನಗೆ ಕಷ್ಟ ಆಗಲಿಲ್ಲ.

ನಿಜವಾದ ಕಷ್ಟ ಬಂದದ್ದು ಆಮೇಲೆ. ಮಾವ ಬರೆದಿದ್ದ ಸರ್ವೆ ಪ್ರೋಗ್ರಾಂ ಇದ್ದದ್ದು ಸತ್ತುಹೋದ ಯಂತ್ರದ ಮೆಮೊರಿಯಲ್ಲಿ. ಸೆಲ್ ಹೋದಾಗಲೇ ಅದೂ ಅಳಿಸಿಹೋಗಿತ್ತು. ಎಮ್ಯುಲೇಟರ್ ಅಂಗಡಿಯಿಂದ ಈಗಷ್ಟೇ ತಂದ ಯಂತ್ರದ ಹಾಗೆ ಖಾಲಿಯಾಗಿತ್ತು. ಪುಣ್ಯಕ್ಕೆ ಫೀಲ್ಡ್ ಬುಕ್‌ನ ಕೊನೆ ಪುಟದಲ್ಲಿ ಪ್ರೋಗ್ರಾಂ ಬರೆದಿಟ್ಟಿದ್ದರು, ಪೆನ್ಸಿಲ್‌ನಲ್ಲಿ. ಅರ್ಧ ಮಾಸಿತ್ತು. ಅವರು ಓದಿ ಹೇಳಿದ ಹಾಗೆ ನಾನು ಟೈಪ್ ಮಾಡಿದೆ.

ತೋಟದ ಸುತ್ತ ಏಳು ಬಾಹು. ಪ್ರತಿಯೊಂದರ ಉದ್ದ, ದಿಕ್ಕಿನ ಕೋನ ಕೊಟ್ಟರೆ, ಹೊರಟ ಜಾಗಕ್ಕೇ ಲೆಕ್ಕ ವಾಪಸ್ ಬರುತ್ತಾ, ಎಷ್ಟು ತಪ್ಪುತ್ತೆ ಅಂತ ಪ್ರೋಗ್ರಾಂ ಹೇಳಬೇಕು. 74 ಸೆಂಟಿಮೀಟರ್ ತಪ್ಪು ಅಂತ ಬಂತು. ಫೀಲ್ಡ್ ಬುಕ್‌ನಲ್ಲಿ ಬರೆದಿದ್ದದ್ದು 11. ಮಾವ ಸುಮ್ಮನಾದರು. "ಅವತ್ತು ನಾನೇ ತಪ್ಪು ಅಳೆದಿದ್ನಾ?" ಅಂದಾಗ ಅವರ ಮುಖ ನೋಡೋಕಾಗಲಿಲ್ಲ.

ನಾನು ಕೋಡ್ ನೋಡಿದೆ, ತಪ್ಪು ಕಾಣಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರಿಗೇ ಹೊಳೆಯಿತು. ಸರ್ವೆಯವರು 47 ಡಿಗ್ರಿ 30 ನಿಮಿಷವನ್ನು 47.30 ಅಂತ ಒತ್ತುತ್ತಾರೆ. ಆದರೆ 30 ನಿಮಿಷ ಅಂದರೆ ಅರ್ಧ ಡಿಗ್ರಿ. ಲೆಕ್ಕಕ್ಕೆ ಬೇಕಾದದ್ದು 47.5. ಅದನ್ನು ಬದಲಿಸುವ ಒಂದು ಆಜ್ಞೆ ಆ ಮಾಸಿದ ಸಾಲಿನಲ್ಲಿತ್ತು. ಸೇರಿಸಿ ಮತ್ತೆ ಓಡಿಸಿದೆವು. 11 ಸೆಂಟಿಮೀಟರ್! ಮಾವ ಏನೂ ಮಾತಾಡದೆ ಎದ್ದು ಹೋಗಿ ಇನ್ನೊಂದು ಲೋಟ ಮಜ್ಜಿಗೆ ತಂದುಕೊಟ್ಟರು.

ನಿಮ್ಮ ಮನೆಯಲ್ಲೂ ಇಂಥ ಯಂತ್ರ ಇದ್ದರೆ ಮೊದಲು ಸೆಲ್ ಹೇಗಿದೆ ನೋಡಿ. ಇನ್ನೂ ಜೀವ ಇದ್ದರೆ ಒಳಗಿನ ಪ್ರೋಗ್ರಾಂಗಳನ್ನು ಕೇಬಲ್‌ನಿಂದಲೋ ಕೈಬರಹದಲ್ಲೋ ಹೊರಗೆ ತೆಗೆದಿಡಿ, ಆಮೇಲೆ ಸೆಲ್ ತೆಗೆಯಿರಿ. ಎಚ್‌ಪಿ 42ಎಸ್ ಇದ್ದರೆ ಫ್ರೀ42 ಎಂಬ ಉಚಿತ ಆಪ್ ಇದೆ. ಅದು ಮೂಲ ರೋಮ್ ಇಲ್ಲದೆ ಹೊಸದಾಗಿ ಬರೆದದ್ದು. ಟಿಐ-83, 84 ಆದರೆ ವ್ಯಾಬಿಟ್‌ಎಮು ಇದೆ, ಆದರೆ ಅದರ ರೋಮ್‌ಗೆ ಹಕ್ಕುಸ್ವಾಮ್ಯ ಉಂಟು. ನಿಮ್ಮದೇ ಕ್ಯಾಲ್ಕ್ಯುಲೇಟರ್‌ನಿಂದ ತೆಗೆದುಕೊಳ್ಳುವುದೇ ಸರಿಯಾದ ದಾರಿ. ಎಮ್ಯುಲೇಟರ್‌ನ ಸ್ಥಿತಿಯನ್ನು ಫೈಲ್ ಆಗಿ ಸೇವ್ ಮಾಡಬಹುದು. ಮಾವನದನ್ನು ನಾನು ಡ್ರೈವ್‌ಗೆ ಹಾಕಿದ್ದೀನಿ, ಪ್ರತಿ ಸಾಲಿನ ಅರ್ಥವನ್ನೂ ಅವರ ಬಾಯಲ್ಲೇ ರೆಕಾರ್ಡ್ ಮಾಡಿ ಜೊತೆಗಿಟ್ಟಿದ್ದೀನಿ.

ಮುಂದಿನ ಭಾನುವಾರ ಮಾವ ಟ್ಯಾಬ್ ಹಿಡಿದುಕೊಂಡು ಮಾತುಕತೆಗೆ ಹೋದರು. ಒಂದೊಂದೇ ಬಾಹು ಒತ್ತಿ ತೋರಿಸಿದರಂತೆ. ಗಡಿ ಕಲ್ಲು ಎಲ್ಲಿತ್ತು ಅನ್ನೋದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಲೆಕ್ಕದ ಬಗ್ಗೆ ಮಾತ್ರ ಯಾರೂ ತಕರಾರು ಎತ್ತಿಲ್ಲ. ಟ್ಯಾಬ್ ಇನ್ನೂ ನನಗೆ ವಾಪಸ್ ಬಂದಿಲ್ಲ.