ಮಕ್ಕಳ ಮಾತಿಗೆ ಮನೆಯಲ್ಲಿ ಎಡೆಯಿರಲಿ

ಫೆಬ್ರವರಿ 8ರಂದು ಧರ್ಮಸಭೆಯು ಸಂತ ಜೋಸೆಫಿನ್ ಬಖೀತಾ ಅವರ ಹಬ್ಬವನ್ನು ಆಚರಿಸುತ್ತದೆ. ಸುಡಾನ್ ದೇಶದಲ್ಲಿ ಜನಿಸಿದ ಅವರನ್ನು ಎಳೆಯ ವಯಸ್ಸಿನಲ್ಲಿಯೇ ಅಪಹರಿಸಿ ಗುಲಾಮರ ಸಂತೆಯಲ್ಲಿ ಮಾರಲಾಯಿತು. ಆ ಭೀತಿಯಲ್ಲಿ ಹೆತ್ತವರು ಇಟ್ಟ ಹೆಸರೇ ಅವರಿಗೆ ಮರೆತುಹೋಯಿತು. ‘ಬಖೀತಾ’ ಎಂದರೆ ಭಾಗ್ಯವತಿ. ಅಪಹರಿಸಿದವರೇ ಇಟ್ಟ ಹೆಸರದು! ಮುಂದೆ ಇಟಲಿಯಲ್ಲಿ ಬಿಡುಗಡೆ ಹೊಂದಿ ಧರ್ಮಭಗಿನಿಯಾದ ಅವರನ್ನು 2000ದಲ್ಲಿ ಸಂತರೆಂದು ಘೋಷಿಸಲಾಯಿತು. 2015ರಿಂದ ಅವರ ಹಬ್ಬವು ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನೆ ಮತ್ತು ಜಾಗೃತಿಯ ದಿನವೂ ಆಗಿದೆ.

ಬಖೀತಾರನ್ನು ಅಪರಿಚಿತರು ಬಲಾತ್ಕಾರವಾಗಿ ಎಳೆದೊಯ್ದರು. ಇಂದಿನ ದಲ್ಲಾಳಿಯಾದರೋ ಅನೇಕ ವೇಳೆ ಪರಿಚಿತನಾಗಿಯೇ ಬರುತ್ತಾನೆ. ಜೋಸೆಫನನ್ನು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದವರು ಸ್ವಂತ ಸಹೋದರರಲ್ಲವೇ? ದೂರದ ಸಂಬಂಧಿ, ನೆರೆಯ ಹೆಂಗಸು, ಮೊಬೈಲಿನಲ್ಲಿ ದೊರೆತ ಗೆಳೆಯ, ಹೀಗೆ ಆತನ ವೇಷಗಳು ಹಲವು. ನಗರದಲ್ಲಿ ಕೈತುಂಬ ಸಂಬಳದ ಕೆಲಸ, ವರದಕ್ಷಿಣೆಯಿಲ್ಲದ ಮದುವೆ, ಸಿನಿಮಾದಲ್ಲಿ ಅವಕಾಶ ಇವು ಆಮಿಷಗಳು. ಮೊದಲು ಹೊಗಳಿಕೆ, ಉಡುಗೊರೆ; ಅನಂತರ ‘ಮನೆಯಲ್ಲಿ ಹೇಳಬೇಡ’ ಎಂಬ ಗುಟ್ಟು; ಆಮೇಲೆ ಒಂದು ಭಾವಚಿತ್ರ; ಕೊನೆಗೆ ಅದೇ ಭಾವಚಿತ್ರದ ಬೆದರಿಕೆ. ಹುಡುಗಿಯರಂತೆ ಹುಡುಗರೂ ಈ ಬಲೆಗೆ ಬೀಳುತ್ತಾರೆ.

‘ತಾನಾಗಿಯೇ ಹೋದಳಲ್ಲ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅರಿವು ಮತ್ತು ಸ್ವಾತಂತ್ರ್ಯ ಎರಡೂ ಇದ್ದಾಗಲಷ್ಟೇ ಸಮ್ಮತಿಯು ಸಮ್ಮತಿಯೆನಿಸುತ್ತದೆ ಎಂಬುದು ನೀತಿಶಾಸ್ತ್ರದ ಮೊದಲ ಪಾಠ. ವಂಚನೆಯಿಂದ ಪಡೆದ ‘ಹೂಂ’ ಎಂಬ ಮಾತಿಗೆ ಏನು ಬೆಲೆ? ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2012ರ ಪೋಕ್ಸೋ ಕಾಯಿದೆಯಡಿ ಹದಿನೆಂಟು ತುಂಬದವರ ಸಮ್ಮತಿಗೆ ಮಾನ್ಯತೆಯಿಲ್ಲ. ಮಾನವ ಕಳ್ಳಸಾಗಣೆಯ ಅಪರಾಧದಲ್ಲಿ ಬಲಿಯಾದವರ ವಯಸ್ಸು ಎಷ್ಟೇ ಇರಲಿ, ಅವರ ಸಮ್ಮತಿಯು ಗಣನೆಗೆ ಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಮಕ್ಕಳನ್ನು ಕೆಲಸಕ್ಕೆ ಕರೆದೊಯ್ಯುವೆನೆಂದು ಯಾರೇ ಬಂದರೂ, ಮಾಲೀಕನ ಹೆಸರು, ವಿಳಾಸಗಳನ್ನು ನಾವೇ ವಿಚಾರಿಸಿ ನೋಡದೆ ಒಪ್ಪಬಾರದು. ತಂದೆತಾಯಿಗೆ ಹೇಳಬಾರದ ಗುಟ್ಟನ್ನು ಒಳ್ಳೆಯವರು ಮಕ್ಕಳ ಕಿವಿಯಲ್ಲಿ ಹೇಳುವುದಿಲ್ಲ ಎಂಬುದನ್ನು ಅವರಿಗೆ ಕಲಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಮಗು ಅಳುಕುತ್ತ ಬಂದು ನಡೆದುದನ್ನು ಹೇಳಿದಾಗ ಕೈಯೆತ್ತಬಾರದು, ಪೂರ್ತಿ ಕೇಳಬೇಕು. ಮನೆಯ ಬೈಗುಳಕ್ಕೆ ಅಂಜುವ ಮಗುವಿಗೆ ದಲ್ಲಾಳಿಯ ಬೆದರಿಕೆಯಿಂದ ಪಾರಾಗುವ ದಾರಿಯೇ ಉಳಿಯುವುದಿಲ್ಲ.

ಕುಟುಂಬದ ಮಾನ ಹೋಗುವುದೆಂದು ವಿಷಯವನ್ನು ಮುಚ್ಚಿಡುವುದು ಅಪರಾಧಿಗೆ ನೀಡುವ ಆಶ್ರಯವೇ ಸರಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೂ ಕರೆ ಮಾಡಬಹುದು. ಮಗುವಿನ ಮೇಲಿನ ಲೈಂಗಿಕ ಅಪರಾಧವು ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕಟ್ಟಳೆ. ತಪ್ಪಿತಸ್ಥನು ಬಂಧುವಾಗಿರಲಿ, ಶಿಕ್ಷಕನಾಗಿರಲಿ, ನಮ್ಮಂತೆ ಧರ್ಮಗುರುವೇ ಆಗಿರಲಿ, ಈ ಕಟ್ಟಳೆಗೆ ವಿನಾಯಿತಿಯಿಲ್ಲ.

ಸ್ವಂತ ಇಚ್ಛೆಯಿಂದ ಮನೆಬಿಟ್ಟ ಮಗನನ್ನೇ ಶುಭಸಂದೇಶದ ತಂದೆಯು ಓಡಿಬಂದು ಅಪ್ಪಿಕೊಂಡನು. ವಂಚನೆಗೆ ಸಿಕ್ಕಿ ಮರಳಿ ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನಿಸಲು ನಾವು ಯಾರು?